ಸಂಪಾದಕರ ಉತ್ತರ: ಅಣುವಿದ್ಯುತ್ತಿಗೆ ಸರ್ಕಾರದ ಆಸರೆ ಯಾಕೆ?

ಪ್ರಿಯ ಓದುಗರೇ,

ಅಣುವಿದ್ಯುತ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ಚೆನ್ನಾಗಿಯೇ ಖಾರವಾಗಿದೆ. "ಅಣು ಸ್ಥಾವರ ಅಷ್ಟೊಂದು ಲಾಭದ್ದಾದರೆ ಕಂಪನಿಗಳು ತಮ್ಮ ದುಡ್ಡಿನಲ್ಲೇ ಕಟ್ಟಿಕೊಳ್ಳಲಿ. ಸರ್ಕಾರ ಯಾಕೆ ಬೆನ್ನಿಗೆ ನಿಲ್ಲಬೇಕು? ಸೋಲಾರ್ ಇಷ್ಟು ಅಗ್ಗವಾಗಿರುವಾಗ ಇದೆಲ್ಲ ಬೇಕಾ?" ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಗಳೇ.

ಅಣು ಸ್ಥಾವರಕ್ಕೆ ಯುರೇನಿಯಂ ಖರ್ಚು ಕಡಿಮೆ. ದುಡ್ಡೆಲ್ಲ ಹೋಗುವುದು ಕಟ್ಟುವುದಕ್ಕೆ. ಕಟ್ಟಿ ಮುಗಿಯುವವರೆಗೆ ಒಂದು ಯೂನಿಟ್ಟೂ ಮಾರಾಟವಾಗುವುದಿಲ್ಲ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬಡ್ಡಿ ಶೇ 4 ಇದೆಯೋ 9 ಇದೆಯೋ ಎನ್ನುವುದರ ಮೇಲೆ ಕೊನೆಗೆ ಯೂನಿಟ್ಟಿನ ದರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಸರ್ಕಾರ ಹಿಂದೆ ನಿಂತರೆ ಸಾಲ ಅಗ್ಗ. ಗುಟ್ಟು ಇಷ್ಟೇ.

ಕಂಪನಿಗಳು ಧೈರ್ಯ ಮಾಡಿದ್ದೇ ಇಲ್ಲ ಅಂತಲ್ಲ. ಫಿನ್ಲೆಂಡಿನ ಓಲ್ಕಿಲುವೊಟೊ ಅಣು ಸ್ಥಾವರದ ಮೂರನೇ ಘಟಕವನ್ನು ಫ್ರಾನ್ಸಿನ ಅರೇವಾ ಮತ್ತು ಜರ್ಮನಿಯ ಸೀಮೆನ್ಸ್ ಕಂಪನಿಗಳು ಸುಮಾರು 300 ಕೋಟಿ ಯೂರೊಗೆ ಗುತ್ತಿಗೆ ಹಿಡಿದವು. ಎಷ್ಟೇ ಖರ್ಚಾದರೂ ದರ ಬದಲಾಗುವಂತಿಲ್ಲ. 2005ರಲ್ಲಿ ಶುರುವಾಗಿ 2009ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿದದ್ದು 2023ರಲ್ಲಿ. ನಷ್ಟದಲ್ಲಿ ಮುಳುಗಿದ ಅರೇವಾವನ್ನು ಎತ್ತಲು ಫ್ರಾನ್ಸ್ ಸರ್ಕಾರವೇ ಬಂಡವಾಳ ಸುರಿಯಬೇಕಾಯಿತು. ಅಂದರೆ ಫಿನ್ಲೆಂಡಿನ ಸ್ಥಾವರದ ಬಿಲ್ಲಿನಲ್ಲಿ ಒಂದು ಪಾಲು ಫ್ರಾನ್ಸಿನ ತೆರಿಗೆದಾರರ ತಲೆಗೆ ಬಂತು!

ಅಮೆರಿಕದ ಸೌತ್ ಕ್ಯಾರೊಲಿನಾದ ಕಥೆ ಇನ್ನೂ ಕೆಟ್ಟದ್ದು. ಸ್ಥಾವರ ಮುಗಿಯುವ ಮೊದಲೇ ಗ್ರಾಹಕರಿಂದ ಹಣ ವಸೂಲಿ ಮಾಡಬಹುದು ಎಂದು ಅಲ್ಲಿ 2007ರಲ್ಲಿ ಕಾನೂನು ಬಂತು. 2017ರಲ್ಲಿ, ಅಲ್ಲಿ ಎರಡು ರಿಯಾಕ್ಟರು ಕಟ್ಟುತ್ತಿದ್ದ ವೆಸ್ಟಿಂಗ್‌ಹೌಸ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 900 ಕೋಟಿ ಡಾಲರ್ ಖರ್ಚಾದ ಮೇಲೆ ಎರಡೂ ರಿಯಾಕ್ಟರುಗಳ ಕೆಲಸ ಅರ್ಧಕ್ಕೇ ನಿಂತಿತು. ಜನ ಬಿಲ್ಲು ಕಟ್ಟಿದ್ದೇ ಬಂತು, ಒಂದು ಬಲ್ಬೂ ಉರಿಯಲಿಲ್ಲ.

ಆದ್ದರಿಂದ ಸರ್ಕಾರ ಹಣ ಹಾಕಬೇಕೋ ಬೇಡವೋ ಎಂಬ ಜಗಳ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಹೇಗೂ ಕೊನೆಗೆ ಜನರ ಹಣವೇ ಬೀಳುತ್ತದೆ. ಕೆಲಸ ತಡವಾದರೆ ಹೊರೆ ಯಾರದ್ದು ಎಂದು ಮೊದಲೇ ಬರೆದಿದ್ದಾರಾ, ಅದನ್ನು ನೋಡಿ. ಬ್ರಿಟನ್ನಿನ ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ ಪ್ರತಿ 1000 ಯೂನಿಟ್ಟಿಗೆ 92.50 ಪೌಂಡ್, ಅದೂ 2012ರ ಬೆಲೆಯಲ್ಲಿ, 35 ವರ್ಷ ಕೊಡುವುದಾಗಿ 2016ರಲ್ಲಿ ಒಪ್ಪಂದವಾಯಿತು. ದರ ಗ್ರಾಹಕರಿಗೆ ದುಬಾರಿ, ಆದರೆ ತಡವಾದರೆ ಹೊಡೆತ ಕಂಪನಿಗೆ. ಈಗ ಸೈಜ್‌ವೆಲ್ ಸಿ ಸ್ಥಾವರಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಕಟ್ಟುತ್ತಿರುವಾಗಲೇ ಗ್ರಾಹಕರ ಬಿಲ್ಲಿಗೆ ಸ್ವಲ್ಪ ಸೇರಿಸಿ ಬಡ್ಡಿ ಇಳಿಸುವುದು. ಲೆಕ್ಕ ಸರಿ. ಆದರೆ ಕ್ಯಾರೊಲಿನಾದಲ್ಲೂ ಹೇಳಿದ್ದು ಇದನ್ನೇ ಅಲ್ವಾ? ಗಟ್ಟಿ ಕಾವಲಿಲ್ಲದೆ ಈ ದಾರಿಗೆ ನಾನು ಒಪ್ಪಲಾರೆ.

ಅಣುವಿದ್ಯುತ್ತಿನಲ್ಲಿ ಫ್ರಾನ್ಸ್ ಗೆದ್ದಿದ್ದು ಬರೀ ಹಣದಿಂದಲ್ಲ. ತೈಲ ಬಿಕ್ಕಟ್ಟಿನ ಬೆನ್ನಲ್ಲೇ, 1974ರಲ್ಲಿ, ಪ್ರಧಾನಿ ಪಿಯೆರ್ ಮೆಸ್ಮೆರ್ ದೊಡ್ಡ ಯೋಜನೆ ಹೂಡಿದರು. ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಕಟ್ಟಿದರು, ಕೆಲಸಗಾರರ ಕೈ ಪಳಗಿತು. ಅದೇ ದೇಶ 2007ರಲ್ಲಿ ಫ್ಲಮಾನ್‌ವಿಲ್‌ನಲ್ಲಿ ಹೊಸ ವಿನ್ಯಾಸಕ್ಕೆ ಕೈ ಹಾಕಿತು. ಗ್ರಿಡ್ಡಿಗೆ ವಿದ್ಯುತ್ ಬಂದದ್ದು 2024ರ ಡಿಸೆಂಬರಿನಲ್ಲಿ.

ಜರ್ಮನಿಯದ್ದು ಇನ್ನೊಂದು ತರಹದ ದುಬಾರಿ. 2002ರಲ್ಲಿ ಅಣು ಸ್ಥಾವರಗಳನ್ನು ಮುಚ್ಚುತ್ತೇವೆ ಅಂದರು, 2010ರಲ್ಲಿ ಅವಧಿ ವಿಸ್ತರಿಸಿದರು, ಜಪಾನಿನ ಫುಕುಶಿಮಾ ಅಣು ಅಪಘಾತ ಆದ ಮೇಲೆ 2011ರಲ್ಲಿ ಮತ್ತೆ ತಿರುಗಿದರು. ಕಂಪನಿಗಳಿಗೆ ಸುಮಾರು 240 ಕೋಟಿ ಯೂರೊ ಪರಿಹಾರ ಕೊಡಲು ಒಪ್ಪಬೇಕಾಯಿತು.

ಸೋಲಾರ್ ಮಾತಿಗೆ ಬರುತ್ತೇನೆ. ಹಗಲಿನ ಯೂನಿಟ್ಟಿನಲ್ಲಿ ಅದನ್ನು ಸೋಲಿಸುವುದು ಕಷ್ಟ. ಸಂಜೆಯ ಕೆಲವು ಗಂಟೆಗಳನ್ನು ಬ್ಯಾಟರಿ ನೋಡಿಕೊಳ್ಳುತ್ತದೆ. ವಾರಗಟ್ಟಲೆ ಮೋಡ ಕವಿದ ಚಳಿಗಾಲಕ್ಕೆ ಏನು ಎಂಬುದೇ ತಕರಾರು. ವರ್ಷಪೂರ್ತಿ ಬಿಸಿಲಿರುವ ಕಡೆ ನಿಮ್ಮ ವಾದಕ್ಕೆ ತೂಕ ಜಾಸ್ತಿ, ಸುಮ್ನೆ ವಾದಿಸುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ವಿಮೆಯ ಮಾತೇ ಇಲ್ಲ. ಅಪಘಾತವಾದರೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಅಮೆರಿಕ 1957ರಲ್ಲೇ ಪ್ರೈಸ್-ಆಂಡರ್ಸನ್ ಕಾಯ್ದೆಯ ಮೂಲಕ ಮಿತಿ ಹಾಕಿತು. ಬೇರೆ ಎಷ್ಟೋ ದೇಶಗಳೂ ಹೀಗೇ ಮಾಡಿವೆ. ಮಿತಿ ಮೀರಿದ ನಷ್ಟ ಕೊನೆಗೆ ಸರ್ಕಾರದ್ದೋ ಸಂತ್ರಸ್ತರದ್ದೋ ಆಗುತ್ತದೆ. ಈ ನೆರವು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಇದನ್ನು ಹಿಡಿದು ನೀವು ಜಗಳಕ್ಕೆ ಬಂದಿದ್ದರೆ ನನ್ನ ಹತ್ತಿರ ಉತ್ತರ ಕಡಿಮೆ ಇರುತ್ತಿತ್ತು.

— ಸಂಪಾದಕ