ಮೊಣಕೈ ನೋವು ಮುಚ್ಚಿಟ್ಟ ಪಿಚರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ತಂಡ, ಊರು ಬಿಟ್ಟಿದೆ, ಕೆಲವು ವಿವರ ಬದಲಿಸಿದೆ.)

ಸಲಹೆಗೆ ಬಂದವರು 26 ವರ್ಷದ ಬಲಗೈ ಪಿಚರ್, ಅಂದರೆ ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವವರು. ‘ಆರ್’ ಎಂದು ಕರೆಯೋಣ. ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ಡಬಲ್-ಎ ಹಂತದ ಆಟಗಾರ. ಹೆಂಡತಿಗೆ ಏಳು ತಿಂಗಳು. ಕೇಳಿದ್ದು ಒಂದೇ ಪ್ರಶ್ನೆ: “ಇನ್ನೂ ಆಡಲಾ, ಬಿಟ್ಟುಬಿಡಲಾ?”

ಅಲ್ಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ 30 ತಂಡಗಳಲ್ಲಿ ಪ್ರತಿಯೊಂದರ ಕೆಳಗೂ ಮೈನರ್ ಲೀಗ್‌ನ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ನಾಲ್ಕು ಮೆಟ್ಟಿಲಿವೆ. 2023ರಲ್ಲಿ ಮೈನರ್ ಲೀಗ್ ಆಟಗಾರರ ಸಂಘ ಮಾಡಿಕೊಂಡ ಮೊದಲ ಒಪ್ಪಂದದಲ್ಲಿ ಡಬಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 13,800 ಡಾಲರ್‌ನಿಂದ 30,250ಕ್ಕೆ ಏರಿತು, ಟ್ರಿಪಲ್-ಎದಲ್ಲಿ 35,800. ಮೇಜರ್ ಲೀಗ್‌ನಲ್ಲಿ 2025ರ ಕನಿಷ್ಠ ಸಂಬಳ 7.6 ಲಕ್ಷ ಡಾಲರ್. ಇನ್ನೆರಡೇ ಮೆಟ್ಟಿಲು ಹತ್ತಿದರೆ ಇಷ್ಟು ಸಿಗುತ್ತದೆ ಎನ್ನುವಾಗ ನೋವಿದ್ದರೂ ಯಾರೂ ಬಾಯಿಬಿಡುವುದಿಲ್ಲ.

ಮೊದಲ ಭೇಟಿಯಲ್ಲಿ ಆರ್ ಕಾಫಿ ಮಗ್ಗನ್ನು ಎಡಗೈಯಲ್ಲೇ ಎತ್ತಿದರು. ಮಾತಾಡುತ್ತಾ ಬಲಗೈಯ ಉಂಗುರ ಬೆರಳು, ಕಿರುಬೆರಳನ್ನು ಪದೇ ಪದೇ ಮಡಚಿ ಬಿಡಿಸುತ್ತಿದ್ದರು. ಕೇಳಿದಾಗ, ಮೂರು ವಾರದಿಂದ ಆ ಎರಡು ಬೆರಳು ಜುಮ್ಮೆನ್ನುತ್ತಿವೆ, ಮೊಣಕೈಯ ಒಳಮಗ್ಗುಲಲ್ಲಿ ನೋವಿದೆ ಎಂದರು. ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಟ್ರೇನರ್‌ಗೆ ಹೇಳಿರಲಿಲ್ಲ. “ಗಾಯಾಳು ಪಟ್ಟಿಗೆ ಹೋದರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ.”

ಈ ಭಯ ಸುಳ್ಳಲ್ಲ. ಪ್ರತಿ ಜುಲೈನಲ್ಲಿ 20 ಸುತ್ತಿನ ಡ್ರಾಫ್ಟ್‌ನಿಂದ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಹೊಸಬರು ಬರುತ್ತಾರೆ. ಒಂದು ಸಂಸ್ಥೆ ಹೊಂದಬಹುದಾದ ಆಟಗಾರರ ಸಂಖ್ಯೆಗೆ ಮಿತಿ ಇದೆ. ಆದ್ದರಿಂದ “ಸುಮ್ಮನೆ ಹೆದರಬೇಡಿ” ಎಂಬ ಸಮಾಧಾನ ಹೇಳಲಿಲ್ಲ. ಹಾಗೆ ಹೇಳಿದ್ದರೆ ಆರ್ ಎರಡನೇ ಸಲ ಬರುತ್ತಲೂ ಇರಲಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ನೋವು ಅರ್ಥವಾಗಲು ಒಂದು ಮಾತು ಬೇಕು. ಬೌಲರ್ ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಪಿಚರ್ ಕೈ ಮಡಚಿಯೇ ಎಸೆಯುತ್ತಾನೆ. ತೋಳು ಹಿಂದಕ್ಕೆ ತಿರುಚಿ ಮುಂದಕ್ಕೆ ಬೀಸುವ ಕ್ಷಣದಲ್ಲಿ ಎಳೆತದ ದೊಡ್ಡ ಪಾಲು ಒಳಮಗ್ಗುಲ ಅಸ್ಥಿರಜ್ಜುವಿನ (ಎರಡು ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಲಿಗಮೆಂಟ್) ಮೇಲೆ ಬೀಳುತ್ತದೆ. ಅದರ ಪಕ್ಕದಲ್ಲೇ ಹಾದುಹೋಗುವ ನರ ಆ ಎರಡು ಬೆರಳಿಗೆ ಹೋಗುತ್ತದೆ. ಜುಮ್ಮೆನ್ನುವುದನ್ನು ಸ್ನಾಯು ದಣಿವು ಎಂದು ತಳ್ಳಿಹಾಕಬಾರದು.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಂತು. ಮೇ ತಿಂಗಳಲ್ಲಿ ಅವರನ್ನು ಸ್ಟಾರ್ಟರ್ (ಪಂದ್ಯ ಶುರುಮಾಡುವ ಪಿಚರ್) ಸ್ಥಾನದಿಂದ ಬುಲ್‌ಪೆನ್‌ಗೆ (ನಡುವೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪು) ಹಾಕಿದ್ದರು. ಸ್ಟಾರ್ಟರ್‌ಗೆ ತನ್ನ ಸರದಿಯ ದಿನ ಮೊದಲೇ ಗೊತ್ತು, ಹೆಚ್ಚುಕಡಿಮೆ ವಾರಕ್ಕೊಮ್ಮೆ. ಬುಲ್‌ಪೆನ್‌ನವನು ಫೋನ್ ಬಂದೊಡನೆ ಎದ್ದು 20–25 ಎಸೆತ ಹಾಕಿ ಬಿಸಿಯಾಗುತ್ತಾನೆ, ಕರೆ ಬರದಿದ್ದರೆ ಕೂರುತ್ತಾನೆ, ಮತ್ತೆ ಏಳುತ್ತಾನೆ. ಆ ಎಸೆತಗಳು ಸ್ಕೋರ್‌ಕಾರ್ಡಿಗೆ ಬರುವುದಿಲ್ಲ. ಆರ್ ಲೆಕ್ಕದಲ್ಲಿ ‘ಎರಡು ದಿನ ವಿಶ್ರಾಂತಿ’. ಕೈಗೆ ಮಾತ್ರ ವಿಶ್ರಾಂತಿ ಸಿಕ್ಕಿರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಆಡುವ-ಬಿಡುವ ತೀರ್ಮಾನವನ್ನು ಪಕ್ಕಕ್ಕಿಟ್ಟು, ಇವತ್ತೇ ಟ್ರೇನರ್‌ಗೆ ಹೇಳಿ. “ಸ್ವಲ್ಪ ಬಿಗಿಯಾಗಿದೆ” ಎಂದರೆ ಐಸ್ ಕಟ್ಟಿ ಕಳಿಸುತ್ತಾರೆ. ಎಲ್ಲಿ ನೋವು, ಯಾವ ದಿನದಿಂದ, ಯಾವ ಎಸೆತದಲ್ಲಿ ಹೆಚ್ಚು, ಯಾವ ಬೆರಳು ಜುಮ್ಮೆನ್ನುತ್ತದೆ, ಇಷ್ಟೂ ಹೇಳಿ ದಾಖಲೆಯಲ್ಲಿ ತಾರೀಖಿನ ಸಮೇತ ಬರೆಸಿ. ಆಡುವಾಗ ಆದ ಗಾಯಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಕಾರ್ಮಿಕ ಪರಿಹಾರ ಕೇಳುವ ಹಕ್ಕಿದೆ. ಆದರೆ ತಂಡ ಕೈಬಿಟ್ಟ ಮೇಲೆ ಮೊದಲ ಸಲ ನೋವಿನ ಸುದ್ದಿ ಎತ್ತಿದರೆ ಅದು ಯಾವಾಗಿನದು ಎಂಬ ತಗಾದೆ ಶುರುವಾಗುತ್ತದೆ. ಆಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವುದು ನಿಲ್ಲಿಸಿ. ಬಿಸಿಯಾಗಲು ಹಾಕಿದ ಎಸೆತ ಎಷ್ಟು, ಮರುದಿನ ಬೆಳಿಗ್ಗೆ ನೋವು 10ಕ್ಕೆ ಎಷ್ಟು, ಎರಡನ್ನೂ ಸಣ್ಣ ಪುಸ್ತಕದಲ್ಲಿ ಬರೆದಿಡಿ. ತಂಡದವರೇ ನೇಮಿಸಿದ ಮಾನಸಿಕ ತರಬೇತುದಾರರ ಜೊತೆ ಮಾತಾಡುವುದಾದರೆ, ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಆರ್ ತಕ್ಷಣ ಹೇಳಲಿಲ್ಲ. ನಾಲ್ಕು ದಿನ ತಡ ಮಾಡಿ ಮತ್ತೊಮ್ಮೆ ಎಸೆದರು. ಗಂಟೆಗೆ 153 ಕಿಲೋಮೀಟರ್ ಇದ್ದ ಫಾಸ್ಟ್‌ಬಾಲ್ 148ಕ್ಕೆ ಇಳಿಯಿತು. ಹಿಡಿತ ತಪ್ಪಿ ಮೂವರು ಬ್ಯಾಟರ್‌ಗಳಿಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಕೊಟ್ಟರು. ವೇಗ, ನಿಯಂತ್ರಣ ಒಟ್ಟಿಗೆ ಕುಸಿಯುವುದು ಈ ಗಾಯದಲ್ಲಿ ಸಾಮಾನ್ಯ. ಆ ರಾತ್ರಿಯೇ ಟ್ರೇನರ್ ಬಳಿ ಹೋದರು. ಎಂಆರ್‌ಐಯಲ್ಲಿ ಅಸ್ಥಿರಜ್ಜು ಅರ್ಧಂಬರ್ಧ ಹರಿದಿರುವುದು ಕಂಡಿತು.

ಎರಡನೇ ಭೇಟಿಗೆ ಹೆಂಡತಿಯೂ ಬಂದರು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿಗೆ ಮಾಡಿದ, ಪಿಚರ್ ಟಾಮಿ ಜಾನ್ ಹೆಸರಿನಲ್ಲೇ ಕರೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಳಲು 12ರಿಂದ 18 ತಿಂಗಳು. ವೈದ್ಯರು ಸದ್ಯಕ್ಕೆ ವಿಶ್ರಾಂತಿ, ಫಿಸಿಯೋಥೆರಪಿ ಸಾಕು ಎಂದಿದ್ದರು. ಒಪ್ಪಂದಪತ್ರ ತರಿಸಿ ಓದಿಸಿದೆವು. ಕಾಲೇಜಿನ ಮೂರನೇ ವರ್ಷಕ್ಕೇ ಓದು ಬಿಟ್ಟು ಸಹಿ ಹಾಕಿದ್ದ ಆರ್‌ಗೆ ಉಳಿದ ಓದಿನ ಖರ್ಚು ಕೊಡುವ ಷರತ್ತು ಅದರಲ್ಲಿತ್ತು. ಆಟ ಬಿಟ್ಟ ಎರಡು ವರ್ಷದೊಳಗೆ ಓದು ಶುರುಮಾಡಬೇಕು ಎಂಬ ಗಡುವೂ ಇತ್ತು. ಅವರಿಗೆ ಅದು ಮರೆತೇ ಹೋಗಿತ್ತು! ಗಂಡ-ಹೆಂಡತಿ ಸೇರಿ ಚೀಟಿಯಲ್ಲಿ ಮೂರು ಸಾಲು ಬರೆದರು: ಮಾರ್ಚ್ ಕೊನೆಯೊಳಗೆ ನೋವಿಲ್ಲದೆ ಎಸೆಯುವಂತಾದರೆ ಇನ್ನೊಂದು ಋತು; ಆಗದಿದ್ದರೆ ಕಾಲೇಜು; ಶಸ್ತ್ರಚಿಕಿತ್ಸೆ ಬೇಕೇಬೇಕು ಎಂದಾದರೆ ಕೂತು ಮತ್ತೆ ಮಾತು.

ಕೊನೆಯ ಸಲ ಫೋನ್ ಮಾಡಿದಾಗ ಆರ್ ದಿನ ಬಿಟ್ಟು ದಿನ 45 ಅಡಿ ದೂರಕ್ಕೆ ಎಸೆಯುತ್ತಿದ್ದರು. ಪಿಚರ್ ನಿಲ್ಲುವ ಮೌಂಡ್‌ನಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಪುಸ್ತಕದಲ್ಲಿ ಆ ವಾರದ ನೋವಿನ ಅಂಕಿ 2, 1, 2.