ಹೊಸ ರಿಲೇ ಹಾಕಿದರೂ ಬಿಸಿ ಹೋಗಲಿಲ್ಲ

ಪ್ರಶ್ನೆ: ನನ್ನ ಬಳಿ 1999ರ ಸಣ್ಣ ಪೆಟ್ರೋಲ್ ಕಾರು ಇದೆ. ರಾತ್ರಿ ಅರ್ಧ ಗಂಟೆ ಓಡಿಸಿ ಬಾನೆಟ್ ತೆರೆದರೆ ಹೆಡ್‌ಲೈಟಿನ ರಿಲೇ ಕೈಯಿಡಲಾಗದಷ್ಟು ಕಾದಿರುತ್ತದೆ. ಎಲೆಕ್ಟ್ರಿಷಿಯನ್ ಎರಡು ಸಲ ಹೊಸ ರಿಲೇ ಹಾಕಿದರೂ ವ್ಯತ್ಯಾಸ ಕಾಣಲಿಲ್ಲ. ಬಲ್ಬುಗಳು 60/55 ವ್ಯಾಟಿನವೇ. ಇದು ಅಪಾಯವೇ?
— ಓದುಗರೊಬ್ಬರು, ಹಾಸನ

ಉತ್ತರ: ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್; ಅದು ಬೆಚ್ಚಗಾಗುವುದು ಸಹಜ. ಅದರೊಳಗೆ ಸ್ವಿಚ್ಚನ್ನು ಎಳೆಯುವ ತಂತಿಸುರುಳಿಯ, ಅಂದರೆ ಕಾಯಿಲ್‌ನ ರೋಧ ಸುಮಾರು 80 ಓಮ್ ಇದ್ದರೆ, ಎಂಜಿನ್ ಓಡುವಾಗಿನ 13.5 ವೋಲ್ಟಿಗೆ ಅದೊಂದೇ ಎರಡು ವ್ಯಾಟ್‌ಗಿಂತ ತುಸು ಹೆಚ್ಚು ಶಾಖ ಹೊರಹಾಕುತ್ತದೆ. ಆದರೆ ಈ ಬಿಸಿ ಡಬ್ಬಿಯ ಮೈಗೆಲ್ಲ ಸಮನಾಗಿ ಹರಡುತ್ತದೆ, ಮುಟ್ಟಿದ ಬೆರಳನ್ನು ಹಿಂದೆಗೆಯುವಂತೆ ಸುಡುವುದಿಲ್ಲ. ನಿಮ್ಮದು ಆ ಮಿತಿಯನ್ನು ದಾಟಿದೆ. ಸಾಕೆಟ್ಟಿನ ಪ್ಲಾಸ್ಟಿಕ್ ಕರಗುವ ಮುನ್ನ ಗಮನಿಸಬೇಕು.

ಎರಡು ಡಿಮ್ ಬಲ್ಬುಗಳು ಸೇರಿ ಎಳೆಯುವುದು ಎಂಟು ಆಂಪಿಯರ್ ಆಸುಪಾಸು. 30 ಆಂಪಿಯರಿನ ರಿಲೇಗೆ ಅದೊಂದು ಹೊರೆಯಲ್ಲ. ಎರಡು ಸಲ ರಿಲೇ ಬದಲಾಗಿದೆ, ಬದಲಾಗದೆ ಉಳಿದಿರುವುದು ಅದು ಕೂರುವ ಸಾಕೆಟ್. ನನ್ನ ಅನುಮಾನ ಅದರ ಮೇಲೆಯೇ.

ಲೈಟ್ ಆರಿಸಿದ ಕೂಡಲೇ, ಬಟ್ಟೆ ಹಿಡಿದು ರಿಲೇಯನ್ನು ಎಳೆದು ತೆಗೆದು ಕಾಲುಗಳನ್ನು ನೋಡಿ. ಕಾಲುಗಳಿಗೆ ಕೊಟ್ಟ ಸಂಖ್ಯೆಗಳಲ್ಲಿ 85 ಮತ್ತು 86 ಕಾಯಿಲ್‌ನವು. ಬ್ಯಾಟರಿಯಿಂದ ಬರುವುದು 30, ಬಲ್ಬಿಗೆ ಹೋಗುವುದು 87. ಇವೆರಡರಲ್ಲಿ ಒಂದು ಕಾಲು ಮಾತ್ರ ನೀಲಿ ಬೆರೆತ ಕಂದು ಬಣ್ಣಕ್ಕೆ ತಿರುಗಿ, ಸಾಕೆಟ್ಟಿನಲ್ಲಿ ಅದರ ಕಿಂಡಿಯ ಸುತ್ತಲಿನ ಪ್ಲಾಸ್ಟಿಕ್ ಉಬ್ಬಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಸಾಕೆಟ್ಟಿನೊಳಗೆ ಕಾಲನ್ನು ಕಚ್ಚಿ ಹಿಡಿಯುವ, ವರ್ಷಗಟ್ಟಲೆ ಕಾದು ತಣಿದ ಹಿತ್ತಾಳೆಯ ಹಿಡಿಕೆ ಬಿಗಿ ಕಳೆದುಕೊಂಡಿರುತ್ತದೆ. ಸಡಿಲ ಜೋಡಣೆ ಮತ್ತೆ ಕಾಯುತ್ತದೆ, ಕಾದಷ್ಟೂ ಸಡಿಲವಾಗುತ್ತದೆ.

ಉಳಿದರ್ಧಕ್ಕೆ ಮಲ್ಟಿಮೀಟರ್ ಬೇಕು. ರಿಲೇಯನ್ನು ಮತ್ತೆ ಕೂರಿಸಿ, ಡಿಮ್ ಲೈಟ್ ಉರಿಯುತ್ತಿರುವಾಗಲೇ, ಸಾಕೆಟ್ಟಿನ ಹಿಂಬದಿಯಿಂದ 30 ಮತ್ತು 87ರ ತಂತಿಗಳ ನಡುವಿನ ವೋಲ್ಟೇಜ್ ಅಳೆಯಿರಿ. ಮೊನೆ ಜಾರಿ ಕಾರಿನ ಲೋಹದ ಮೈಗೆ ತಾಗದಿರಲಿ. 0.2 ವೋಲ್ಟಿಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 0.6 ಬಂದರೆ, ಎಂಟು ಆಂಪಿಯರಿಗೆ ಗುಣಿಸಿ: ಸುಮಾರು ಐದು ವ್ಯಾಟ್, ಅಂದರೆ ಕಾಯಿಲ್‌ನ ಶಾಖದ ಇಮ್ಮಡಿ, ಉಗುರಿನಗಲದ ಜಾಗದಲ್ಲಿ. ಬಳಿಕ ರಿಲೇಯನ್ನು ಎರಡು ಮಿಲಿಮೀಟರ್ ಮೇಲೆತ್ತಿ, ಕಾಣುವ ಕಾಲಿಗೂ ಅದೇ ಕಾಲಿನ ತಂತಿಗೂ ನಡುವೆ ಅಳೆದರೆ ಯಾವ ಜೋಡಣೆ ಕೆಟ್ಟಿದೆಯೆಂದು ಖಚಿತವಾಗುತ್ತದೆ. ಓಮ್ ಅಳತೆಯನ್ನು ನಂಬಬೇಡಿ; ಮೀಟರಿನ ಅತ್ಯಲ್ಪ ವಿದ್ಯುತ್ತಿಗೆ ಇಂಥ ಜೋಡಣೆಯೂ ಒಳ್ಳೆಯದಾಗಿಯೇ ಕಾಣುತ್ತದೆ.

ಹಿಡಿಕೆಯನ್ನು ಇಕ್ಕಳದಿಂದ ಅದುಮುವುದು, ಮರಳು ಕಾಗದದಿಂದ ಉಜ್ಜುವುದು ನಾಲ್ಕು ದಿನದ ಉಪಾಯ. ಬ್ಯಾಟರಿ ಸಂಪರ್ಕ ತೆಗೆದು ಹೊಸ ಸಾಕೆಟ್ ಹಾಕಿಸಿ. ಹಳೆಯ ತಂತಿಯ ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳಪು ಕಾಣುವವರೆಗೆ ಕತ್ತರಿಸಿ, ಟರ್ಮಿನಲ್ಲನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ. ಫ್ಯೂಸ್ ಮಾತ್ರ ಮೊದಲಿನ ಅಳತೆಯದೇ ಇರಲಿ.

ಸಾಕೆಟ್ ನಿರ್ದೋಷಿಯಾಗಿದ್ದೂ ವೋಲ್ಟೇಜ್ ಕುಸಿಯುತ್ತಿದ್ದರೆ ರಿಲೇಯ ಒಳಗಿನ ಸಂಪರ್ಕ ಬಿಂದುಗಳು ಸುಟ್ಟಿವೆ ಎಂದರ್ಥ. ಆಗ 85–86ರ ನಡುವೆ ಬ್ಯಾಟರಿಯಷ್ಟೇ ವೋಲ್ಟೇಜ್ ಇದೆಯೇ ನೋಡಿ. ಸವೆದ ಸ್ವಿಚ್ಚೋ ತುಕ್ಕು ಹಿಡಿದ ಅರ್ಥಿಂಗೋ ಅದನ್ನು ತಗ್ಗಿಸಿದ್ದರೆ ಬಿಂದುಗಳು ಗಟ್ಟಿಯಾಗಿ ಕೂಡದೆ ಕಿಡಿ ಹಾರಿಸುತ್ತವೆ, ಮೂರನೆಯ ರಿಲೇಯೂ ಅದೇ ದಾರಿ ಹಿಡಿಯುತ್ತದೆ.