ವಿಯೆನ್ನಾದ ನಲ್ಲಿ ನೀರು

ಮಗಳ ಮನೆಗೆಂದು ವಿಯೆನ್ನಾಕ್ಕೆ ಹೋಗಿಬಂದ ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ: "ಅರಮನೆ, ಸಂಗೀತ ಎಲ್ಲ ಕೇಳಿದ್ದಂತೆಯೇ ಇದ್ದವು. ಬೆರಗಾದದ್ದು ಬೇರೆಯದಕ್ಕೆ. ಅಲ್ಲಿ ನಲ್ಲಿ ನೀರನ್ನೇ ಕುಡಿಯುತ್ತಾರೆ. ಮೆಟ್ರೋಗೆ ಗೇಟೇ ಇಲ್ಲ. ಗಾಡಿಯೊಂದೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ಜನ ನಿಂತಿರುತ್ತಾರೆ. ಶಿಸ್ತು ಅವರ ರಕ್ತದಲ್ಲೇ ಇದೆ. ನಮ್ಮವರು ಉದ್ಧಾರವಾಗುವುದಿಲ್ಲ."

ಸಂಪಾದಕರ ಉತ್ತರ:

ಮೇಷ್ಟ್ರೇ, ವಿಯೆನ್ನಾಕ್ಕೆ ಹೋದವರು ಷೋನ್‌ಬ್ರುನ್ ಅರಮನೆಯೆದುರು ಫೋಟೊ ತೆಗೆಸಿಕೊಂಡು ಬರುತ್ತಾರೆ. ನೀವು ನಲ್ಲಿ ತಿರುಗಿಸಿ ನೋಡಿದ್ದೀರಿ. ನಿಮ್ಮ ಕಣ್ಣಿಗೊಂದು ನಮಸ್ಕಾರ. ಆದರೆ ಇಷ್ಟೆಲ್ಲ ನೋಡಿದವರು ಕೊನೆಗೆ "ರಕ್ತ" ಅಂದುಬಿಟ್ಟಿರಲ್ಲ!

ಶಿಸ್ತಿನ ಮಾತು ಪೂರ್ತಿ ಸುಳ್ಳೆನ್ನುವುದಿಲ್ಲ. ಕಾರಿನ ಕಿಟಕಿಯಿಂದ ಸಿಪ್ಪೆ ಎಸೆಯುವವನಿಗೆ ಯಾವ ನಗರಸಭೆಯೂ ಬುದ್ಧಿ ಕಲಿಸಲಾರದು. ಒಪ್ಪಿದೆ, ಮುಂದಕ್ಕೆ ಹೋಗೋಣ.

ಅದೇ ರಕ್ತದ ವಿಯೆನ್ನಾದವರು 19ನೇ ಶತಮಾನದಲ್ಲಿ ಕೊಳಚೆ ಇಳಿದ ಬಾವಿಗಳ ನೀರು ಕುಡಿದು ಟೈಫಾಯಿಡ್, ಕಾಲರಾಗಳಿಂದ ಸಾಯುತ್ತಿದ್ದರು. ಎಡ್ವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ನಗರದ ನೆಲವನ್ನು ಪರೀಕ್ಷಿಸಿ ರೋಗದ ಮೂಲ ಹೇಳಿದ. ಹೇಳಿ ಸುಮ್ಮನಾಗಲಿಲ್ಲ, ನಗರಸಭೆಯ ಸದಸ್ಯನಾಗಿ ಆಲ್ಪ್ಸ್ ಬೆಟ್ಟಗಳ ಚಿಲುಮೆ ನೀರನ್ನೇ ತರಬೇಕೆಂದು ಹಟ ಹಿಡಿದ. 1873ರಲ್ಲಿ ಆ ಕಾಲುವೆ ತೆರೆಯಿತು. 1910ರಲ್ಲಿ ಇನ್ನೊಂದು ಬಂತು. ಅದು ಸುಮಾರು 180 ಕಿಲೋಮೀಟರ್ ಉದ್ದ, ನೀರು ಊರು ಸೇರಲು ಒಂದೂವರೆ ದಿನ ಬೇಕು, ತರುವುದಕ್ಕೆ ಪಂಪು ಬೇಡ. ಅಲ್ಲಿನ ಹೋಟೆಲಿನಲ್ಲಿ ಕಾಫಿ ಕೇಳಿದರೆ ಸಣ್ಣ ತಟ್ಟೆಯಲ್ಲಿ ಒಂದು ಗಾಜಿನ ಲೋಟ ನೀರನ್ನೂ ಇಟ್ಟು ತರುತ್ತಾರೆ, ಲೋಟದ ಬಾಯಿಗೆ ಅಡ್ಡಲಾಗಿ ಚಮಚ. ನೀವು ಕುಡಿದಿರುತ್ತೀರಿ. ಅದು ಈ ನೀರೇ.

ಎರಡನೆಯ ಕಾಲುವೆಯ ಕಾಲದ ಮೇಯರ್ ಕಾರ್ಲ್ ಲೂಗರ್ ಯಹೂದಿದ್ವೇಷವನ್ನೇ ಬಂಡವಾಳ ಮಾಡಿಕೊಂಡಿದ್ದ ರಾಜಕಾರಣಿ, ಹೊಗಳಲು ನನಗೆ ಮನಸ್ಸಿಲ್ಲ. ಆದರೂ ಗ್ಯಾಸು, ವಿದ್ಯುತ್ತು, ಟ್ರಾಮುಗಳನ್ನು ಖಾಸಗಿಯವರ ಕೈಯಿಂದ ಬಿಡಿಸಿ ನಗರಸಭೆಗೆ ತಂದವನು ಅವನೇ. 1919ರಲ್ಲಿ ಅಧಿಕಾರಕ್ಕೆ ಬಂದವರು ಅವನ ಪಕ್ಷದ ಕಡುವೈರಿಗಳಾದ ಸಮಾಜವಾದಿಗಳು. 1922ರಲ್ಲಿ ವಿಯೆನ್ನಾ ತಾನೇ ಒಂದು ರಾಜ್ಯವಾಗಿ, ತೆರಿಗೆ ಹಾಕುವ ಅಧಿಕಾರ ಪಡೆಯಿತು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ ದೊಡ್ಡ ಮನೆಗಳಿಗೆ ದೊಡ್ಡ ತೆರಿಗೆ ಹಾಕಿದ. ಮನೆಗೆಲಸಕ್ಕೆ ಒಬ್ಬರಿದ್ದರೆ ತೆರಿಗೆಯಿಲ್ಲ, ಎರಡನೆಯವರಿಂದ ಶುರು! ಸಿರಿವಂತರು ಬೈದರು. ಆದರೆ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು. ಅಲ್ಲಿಯವರೆಗೆ ವಠಾರಗಳಲ್ಲಿ ಮಹಡಿಗೊಂದು ನಲ್ಲಿ, ಕೊಡ ಹಿಡಿದವರ ಸಾಲು, ಜೊತೆಗೆ ಊರ ಸುದ್ದಿಯೆಲ್ಲ. ಹೊಸ ಮನೆಗಳಲ್ಲಿ ನಲ್ಲಿ, ಪಾಯಿಖಾನೆ ಎರಡೂ ಬಾಗಿಲೊಳಗೇ ಬಂದವು.

ಷೋನ್‌ಬ್ರುನ್‌ಗೆ ಹೋಗುವ ಅದೇ ಯು4 ರೈಲಿನಲ್ಲಿ ಕೊನೆಯ ನಿಲ್ದಾಣ ಹೈಲಿಗೆನ್‌ಷ್ಟಾಟ್‌ವರೆಗೆ ಕೂತಿದ್ದರೆ, ಹೊರಬಿದ್ದ ಕೂಡಲೇ ಕಾರ್ಲ್ ಮಾರ್ಕ್ಸ್ ಹೋಫ್ ಕಾಣಿಸುತ್ತಿತ್ತು. ನಗರಸಭೆಯ ಆ ಮನೆಗಳದ್ದೇ, ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ, 1930ರದು. 1934ರ ಫೆಬ್ರವರಿಯಲ್ಲಿ, ಸರ್ಕಾರಕ್ಕೂ ಸಮಾಜವಾದಿಗಳಿಗೂ ನಡೆದ ಅಂತರ್ಯುದ್ಧದಲ್ಲಿ, ಅದರ ಮೇಲೆ ಸೈನ್ಯ ಫಿರಂಗಿ ಹಾರಿಸಿತು. ಬಡವರ ಮನೆಗೆ ಫಿರಂಗಿ ಇಡುವಷ್ಟು ಸಿಟ್ಟು ಕೆಲವರಿಗೆ ಇತ್ತೆಂದಾಯಿತು. ಇವೆಲ್ಲ ರಕ್ತದಿಂದ ಬಂದವೇ? ಓಟಿನಿಂದ, ತೆರಿಗೆಯಿಂದ, ಜಗಳದಿಂದ ಬಂದವು. ನೀವು ಮೆಚ್ಚಿದ ಮೆಟ್ರೋ ಕೂಡ ಹಾಗೆಯೇ: 2012ರಲ್ಲಿ ವರ್ಷದ ಪಾಸನ್ನು 449 ಯೂರೋದಿಂದ 365ಕ್ಕೆ, ಅಂದರೆ ದಿನಕ್ಕೊಂದು ಯೂರೋಗೆ ಇಳಿಸಿದರು, 2025ರವರೆಗೂ ಅದೇ ದರವಿತ್ತು. ಪಾಸು ಅಷ್ಟು ಅಗ್ಗವಾಗಿದ್ದಾಗ ಟಿಕೆಟ್ಟಿಲ್ಲದೆ ಹತ್ತುವ ಕರ್ಮ ಯಾರಿಗೆ ಬೇಕಿತ್ತು? ಸಾಲದ್ದಕ್ಕೆ ಮಫ್ತಿಯಲ್ಲಿ ತಪಾಸಣೆಯವರು ಬೇರೆ ಓಡಾಡುತ್ತಾರೆ. ಗೇಟಿಲ್ಲವೆಂದು ಭಾವುಕರಾಗಬೇಡಿ.

ನಮ್ಮವರು ಉದ್ಧಾರವಾಗುವುದಿಲ್ಲ ಅನ್ನುತ್ತೀರಿ. 1896ರಲ್ಲಿ ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತಂದವರು ಯಾವ ದೇಶದಿಂದ ಬಂದಿದ್ದರು? 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕಿನೊಂದಿಗೆ ಎದ್ದದ್ದು ಹೇಗೆ? ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವುದು ಆಲ್ಪ್ಸ್‌ನಿಂದ ನೀರು ಇಳಿಸುವಷ್ಟು ಸಲೀಸಲ್ಲ, ಅದೂ ನಿಜ. ಆದರೆ ತಂದ ಮೇಲೂ ಇಪ್ಪತ್ತು ಲೀಟರಿನ ಕ್ಯಾನು ಹೊರುವುದು ತಪ್ಪಿಲ್ಲ.

ಇದನ್ನು ಕೇಳಬೇಕಾದವರು ಯಾರು? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲ, ಅಧಿಕಾರಿಗಳದ್ದೇ ಆಡಳಿತ. ಹೆಚ್ಚು ಜನ ಬೀದಿಗಿಳಿಯಲಿಲ್ಲ. ಮೊನ್ನೆ ಕಚೇರಿಗೆ ಬಂದ ಗೆಳೆಯರೊಬ್ಬರಿಗೆ 224 ವಿಧಾನಸಭಾ ಕ್ಷೇತ್ರಗಳ ಜಾತಿ ಲೆಕ್ಕ ಬಾಯಿಪಾಠ. ನಿಮ್ಮ ವಾರ್ಡ್ ಯಾವುದು ಅಂದೆ, ತಬ್ಬಿಬ್ಬಾದರು. ನೀವು ಮಾತ್ರ ಮುಂದಿನ ಪತ್ರದಲ್ಲಿ ವಿಳಾಸದ ಕೆಳಗೆ ವಾರ್ಡ್ ಸಂಖ್ಯೆಯನ್ನೂ ಬರೆಯಬೇಕು ಮೇಷ್ಟ್ರೇ, ಬೇರೆಯವರನ್ನು ಕೇಳದೆ.